ಹತ್ತೇ ಕ್ಲಬ್ ಇರುವ ಲೀಗ್‌ಗೆ ಫ್ಯಾಂಟಸಿ ಫುಟ್‌ಬಾಲ್: 15 ಆಟಗಾರರ ಸ್ಕ್ವಾಡ್ ಬೇಕಾ?

ಕಾರ್ನರ್‌ಕಿಕ್ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾವು 16 ಜನ ಸೇರಿ ಒಂದು ಚಿಕ್ಕ ವೃತ್ತಿಪರ ಲೀಗ್ ಮೇಲೆ ಫ್ಯಾಂಟಸಿ ಆಟ ನಡೆಸುತ್ತಿದ್ದೇವೆ. ಅಂದ್ರೆ ನಿಜವಾದ ಆಟಗಾರರನ್ನು ಕಾಲ್ಪನಿಕ ದುಡ್ಡಿಗೆ ಆರಿಸಿ ತಂಡ ಕಟ್ಟುವುದು, ಅವರು ಪಂದ್ಯದಲ್ಲಿ ಆಡಿದ ಹಾಗೆ ನಮಗೆ ಪಾಯಿಂಟ್. ಲೀಗ್‌ನಲ್ಲಿ ಇರುವುದು 10 ಕ್ಲಬ್. ಸುತ್ತಿಗೆ ಐದೇ ಪಂದ್ಯ, ಒಟ್ಟು 18 ಸುತ್ತು. ದುಡ್ಡುಗಿಡ್ಡು ಏನೂ ಇಲ್ಲ, ಮಾತಿನ ಜಂಬಕ್ಕೆ ಆಡುವ ಆಟ. ನಿಯಮವೆಲ್ಲ ಇಂಗ್ಲಿಷ್ ಪ್ರೀಮಿಯರ್ ಲೀಗ್‌ನ ಅಧಿಕೃತ ಫ್ಯಾಂಟಸಿಯಿಂದ ಹಾಗೆಯೇ ಎತ್ತಿಕೊಂಡಿದ್ದು: 15 ಆಟಗಾರರು, 100 ಮಿಲಿಯನ್ ಬಜೆಟ್, ಒಂದು ಕ್ಲಬ್‌ನಿಂದ ಹೆಚ್ಚೆಂದರೆ 3 ಜನ, ನಾವು ಕ್ಯಾಪ್ಟನ್ ಅಂತ ಆರಿಸಿದವನಿಗೆ ಡಬಲ್ ಪಾಯಿಂಟ್.

ತೊಂದರೆ ಏನಂದ್ರೆ, ಎಲ್ಲರ ತಂಡವೂ ಒಂದೇ ತರ ಆಗಿಬಿಟ್ಟಿದೆ. ಒಬ್ಬರ ಪಟ್ಟಿ ಇನ್ನೊಬ್ಬರ ಪಕ್ಕ ಇಟ್ಟರೆ ಇಬ್ಬರೋ ಮೂವರೋ ಬೇರೆ, ಅಷ್ಟೆ. ಕ್ಯಾಪ್ಟನ್ ಕೂಡ ಎಲ್ಲರಿಗೂ ಅದೇ ಸ್ಟ್ರೈಕರ್. ಅವನು ಎರಡು ಗೋಲು ಹೊಡೆದರೂ ಪಾಯಿಂಟ್ ಪಟ್ಟಿ ಅಲ್ಲಾಡುವುದಿಲ್ಲ, ರೆಡ್ ಕಾರ್ಡ್ ತಗೊಂಡರೂ ಅಲ್ಲಾಡುವುದಿಲ್ಲ. ಅರ್ಧ ಸೀಸನ್ ಆಗುವ ಹೊತ್ತಿಗೆ ಕೆಳಗಿರುವವರು ತಂಡ ತೆರೆದು ನೋಡುವುದನ್ನೇ ಬಿಟ್ಟಿದ್ದಾರೆ.

ಮುಂದಿನ ಸೀಸನ್‌ಗೆ ಏನು ಬದಲಾಯಿಸಬೇಕು? ಚಿಕ್ಕ ಲೀಗ್‌ಗೆ ಆಡಿಸಿದ ಅನುಭವ ಇರುವವರು ಹೇಳಿ.

ಬೆಂಚ್‌ವೀರ

ಬಜೆಟ್ ಇಳಿಸಿ ಗುರು. 100ರ ಬದಲು 85 ಮಾಡಿ. ಒಳ್ಳೆಯವರನ್ನೆಲ್ಲ ಒಟ್ಟಿಗೆ ತಗೊಳ್ಳೋಕೆ ಆಗಲ್ಲ, ಆಗ ತಂಡಗಳು ತಾನಾಗಿಯೇ ಬೇರೆ ಬೇರೆ ಆಗ್ತವೆ.

ಲೆಕ್ಕಾಚಾರಿ

ಬಜೆಟ್ ಇಳಿಸಿದರೆ ಎಲ್ಲರೂ ಅದೇ ಮೂವರು ದುಬಾರಿ ಆಟಗಾರರನ್ನು ಇಟ್ಟುಕೊಂಡು, ಉಳಿದ ಜಾಗಕ್ಕೆ ಅದೇ ಅಗ್ಗದ ಆಟಗಾರರನ್ನು ತುಂಬಿಸುತ್ತಾರೆ. ಆಗಲೂ ತಂಡಗಳು ಒಂದೇ ತರ ಇರುತ್ತವೆ, ಜೊತೆಗೆ ಕಳಪೆಯೂ ಆಗುತ್ತವೆ.

ಸಮಸ್ಯೆ ಬಜೆಟ್‌ನಲ್ಲಿ ಇಲ್ಲ, ಸ್ಕ್ವಾಡ್ ಗಾತ್ರದಲ್ಲಿದೆ. ಸ್ವಲ್ಪ ಲೆಕ್ಕ ನೋಡಿ. ಪ್ರೀಮಿಯರ್ ಲೀಗ್‌ನಲ್ಲಿ 20 ಕ್ಲಬ್. ಒಂದು ಸುತ್ತಿನಲ್ಲಿ ಶುರುವಿನಿಂದ ಆಡುವವರು 220 ಜನ. ಅದರಲ್ಲಿ ನೀವು ಆರಿಸುವುದು 15. ನೂರಕ್ಕೆ ಏಳು ಕೂಡ ಆಗಲ್ಲ. ನಿಮ್ಮ ಲೀಗ್‌ನಲ್ಲಿ ಶುರುವಿನಿಂದ ಆಡುವವರು 110. ಅದರಲ್ಲೂ 15 ಆರಿಸಿದರೆ ನೂರಕ್ಕೆ ಹದಿಮೂರು ದಾಟುತ್ತದೆ. ಅಂದ್ರೆ ಆಯ್ಕೆ ಮಾಡುವ ಕಷ್ಟವೇ ಅರ್ಧ ಹೋಯ್ತು. ಚೆನ್ನಾಗಿ ಆಡುತ್ತಿರುವ ಆಟಗಾರರು ಲೀಗ್‌ನಲ್ಲಿ ಇರುವುದೇ ಇಪ್ಪತ್ತೋ ಇಪ್ಪತ್ತೈದೋ ಜನ ಅಂತಿಟ್ಟುಕೊಳ್ಳಿ. ಅವರಲ್ಲಿ 15 ಜನ ಪ್ರತಿಯೊಬ್ಬರ ಹತ್ತಿರವೂ ಇದ್ದರೆ ತಂಡಗಳು ಒಂದೇ ತರ ಆಗದೆ ಇನ್ನೇನು?

ಇನ್ನೊಂದು ಇದೆ. ಸುತ್ತಿಗೆ ಐದು ಪಂದ್ಯ, ನಿಮ್ಮ ಹತ್ತಿರ 15 ಜನ. ಪ್ರತಿ ಪಂದ್ಯದಲ್ಲೂ ಸರಾಸರಿ ಮೂವರು ನಿಮ್ಮವರೇ. ನಿಮ್ಮ ಸ್ಟ್ರೈಕರ್ ನಿಮ್ಮದೇ ಡಿಫೆಂಡರ್ ಎದುರು ಓಡುತ್ತಿರುತ್ತಾನೆ. ಗೋಲಾದರೆ ಈ ಕಡೆ 4 ಬಂತು, ಆ ಕಡೆ ಕ್ಲೀನ್ ಶೀಟ್‌ನ (ತಂಡ ಒಂದೂ ಗೋಲು ಬಿಟ್ಟುಕೊಡದಿದ್ದರೆ ಸಿಗುವ) 4 ಹೋಯ್ತು. ಪಂದ್ಯ ನೋಡುವವನಿಗೆ ಕುಣಿಯಬೇಕಾ ಅಳಬೇಕಾ ಅಂತಲೇ ತಿಳಿಯಲ್ಲ.

ಪ್ರೀಮಿಯರ್ ಲೀಗ್‌ನಷ್ಟೇ ಕಷ್ಟ ಇಲ್ಲೂ ಇರಬೇಕು ಅಂದರೆ 110ರಲ್ಲಿ ಆರಿಸಬೇಕಾದ್ದು ಏಳೂವರೆ ಆಟಗಾರರನ್ನು. ಅರ್ಧ ಆಟಗಾರ ಸಿಗಲ್ಲ, ಆದ್ದರಿಂದ ಏಳು ಅನ್ನಿ. ಒಬ್ಬ ಕೀಪರ್, ಇಬ್ಬರು ಡಿಫೆಂಡರ್, ಇಬ್ಬರು ಮಿಡ್‌ಫೀಲ್ಡರ್, ಇಬ್ಬರು ಸ್ಟ್ರೈಕರ್.

ಎಡಗಾಲು

ಏಳು ಜನರ ಫುಟ್‌ಬಾಲಾ? ಹನ್ನೊಂದು ಜನ ಇಲ್ಲದೆ ಅದು ತಂಡದ ತರ ಕಾಣುವುದೇ ಇಲ್ಲ ಮಾರಾಯ್ರೆ. ಫಾರ್ಮೇಷನ್ ಬದಲಿಸುವ ಮಜಾ ಎಲ್ಲಿ ಹೋಯ್ತು?

ಅದಿರಲಿ, ನಿಜವಾದ ತಕರಾರು ಬೇರೆ. ದೊಡ್ಡ ಲೀಗ್‌ನಲ್ಲಿ ಯಾರಿಗೆ ಗಾಯ, ಯಾರು ಅಭ್ಯಾಸಕ್ಕೆ ಬಂದಿಲ್ಲ ಅನ್ನೋದು ಮ್ಯಾನೇಜರ್‌ನ ಪತ್ರಿಕಾಗೋಷ್ಠಿಯಲ್ಲೇ ಗೊತ್ತಾಗುತ್ತೆ. ಚಿಕ್ಕ ಲೀಗ್‌ನಲ್ಲಿ ಎಷ್ಟೋ ಸಲ ಆಡುವ ಹನ್ನೊಂದರ ಪಟ್ಟಿ ಹೊರಬಿದ್ದ ಮೇಲೇ ಸುದ್ದಿ. ಅಷ್ಟೊತ್ತಿಗೆ ನಮ್ಮ ಡೆಡ್‌ಲೈನ್ ಮುಗಿದಿರುತ್ತೆ. ಏಳು ಜನ ಇಟ್ಟುಕೊಂಡು ಅದರಲ್ಲಿ ಇಬ್ಬರು ಸುಮ್ನೆ ಬೆಂಚ್ ಮೇಲೆ ಕೂತರೆ ಆ ವಾರ ಮುಗಿದೇ ಹೋಯ್ತು. ಸುದ್ದಿ ಕಡಿಮೆ ಇರುವ ಲೀಗ್‌ಗೆ ಬೆಂಚ್ ಜಾಸ್ತಿ ಬೇಕು, ಕಡಿಮೆ ಅಲ್ಲ.

ಲೆಕ್ಕಾಚಾರಿ

ಇದು ಸರಿಯಾದ ಮಾತು. ಹಾಗಾದರೆ ಹೀಗೆ ಮಾಡಬಹುದು: ಸ್ಕ್ವಾಡ್ 11, ಪಾಯಿಂಟ್ ಎಣಿಸುವುದು 8 ಜನರದ್ದು, ಉಳಿದ 3 ಬೆಂಚ್. ಆಡದವನ ಜಾಗಕ್ಕೆ ಬೆಂಚ್‌ನಿಂದ ತಾನಾಗಿಯೇ ಒಬ್ಬ ಬರುತ್ತಾನೆ. ಹನ್ನೊಂದು ಜನ ಇದ್ದಾರೆ ಅನ್ನೋ ಸಮಾಧಾನ ನಿಮಗೂ ಸಿಕ್ಕಿತು.

ನಿದ್ದೆಗೆಟ್ಟ ಕೀಪರ್

ಇದೆಲ್ಲಕ್ಕಿಂತ ನೇರವಾದ ದಾರಿ ಇದೆ. ಡ್ರಾಫ್ಟ್ ಮಾಡಿ. ಒಬ್ಬ ಆಟಗಾರ ಒಬ್ಬರಿಗೆ ಮಾತ್ರ. ಎಲ್ಲರ ತಂಡ ಒಂದೇ ತರ ಆಗುವ ಪ್ರಶ್ನೆಯೇ ಇಲ್ಲ.

ಗೊತ್ತಿಲ್ಲದವರಿಗೆ ಹೇಳ್ತೀನಿ: ಸರದಿಯಲ್ಲಿ ಒಬ್ಬೊಬ್ಬರೇ ಆಟಗಾರನನ್ನು ಆರಿಸುತ್ತಾ ಹೋಗಬೇಕು. ಎಂಟು ಜನ ಇದ್ದರೆ ಒಂದರಿಂದ ಎಂಟು, ಆಮೇಲೆ ಎಂಟರಿಂದ ಒಂದು, ಹಾವಿನ ಹಾಗೆ ಹಿಂದೆ ಮುಂದೆ. ಮೊದಲ ಆಯ್ಕೆ ಸಿಕ್ಕವನಿಗೆ ಮುಂದಿನದು 16 ಮತ್ತು 17ನೇದು. ಯಾರ ಹತ್ತಿರವೂ ಇಲ್ಲದ ಆಟಗಾರರನ್ನು ವಾರ ವಾರ ವೇವರ್‌ನಲ್ಲಿ ತಗೊಳ್ಳಬಹುದು. ಅಲ್ಲಿ ಪಟ್ಟಿಯಲ್ಲಿ ಕೆಳಗಿರುವವರಿಗೆ ಮೊದಲ ಅವಕಾಶ. ಕೆಳಗಿನವರು ಆಟ ಬಿಟ್ಟು ಹೋಗದೆ ಇರೋಕೆ ಇದೊಂದೇ ಸಾಕು.

ಆದರೆ ಪ್ರೀಮಿಯರ್ ಲೀಗ್‌ನ ಡ್ರಾಫ್ಟ್ ನಿಯಮವನ್ನೂ ಹಾಗೆಯೇ ತರಬೇಡಿ. ಅಲ್ಲೂ 15 ಜನರ ಸ್ಕ್ವಾಡ್. 8 ಜನ ಆಡಿದರೆ 120 ಆಟಗಾರರು ಬೇಕು. ನಿಮ್ಮಲ್ಲಿ ಶುರುವಿನಿಂದ ಆಡುವವರೇ 110! ಕೊನೆಯ ಸರದಿಗಳಲ್ಲಿ ಯಾವ ಕ್ಲಬ್‌ನ ಮೂರನೇ ಕೀಪರ್ ಯಾರು ಅಂತ ಹುಡುಕುತ್ತಾ ಕೂರಬೇಕಾಗುತ್ತೆ. ವೇವರ್ ಪೂರ್ತಿ ಖಾಲಿ. ಡ್ರಾಫ್ಟ್ ಸಾಯುವುದೇ ಇಲ್ಲಿ.

11ರ ಸ್ಕ್ವಾಡ್ ಆದರೆ 8 ಜನಕ್ಕೆ 88. ಶುರುವಿನಿಂದ ಆಡುವವರಲ್ಲೇ 22 ಜನ ಹೊರಗೆ ಉಳಿತಾರೆ. ಸರಿಯಾದ ಬಿಗಿ.

ಕೀಪರ್‌ಗಳ ಬಗ್ಗೆ ಬೇರೆಯಾಗಿ ಹೇಳಬೇಕು (ನನ್ನ ಹೆಸರು ನೋಡಿ, ಇದು ನನ್ನ ಧರ್ಮ). 10 ಕ್ಲಬ್ ಅಂದ್ರೆ ಆಡುವ ಕೀಪರ್ 10 ಜನ. 8 ತಂಡಕ್ಕೆ ಇಬ್ಬರಂತೆ ಅಂದ್ರೆ 16. ಆರು ಜಾಗದಲ್ಲಿ ಮೈದಾನಕ್ಕೇ ಇಳಿಯದವರು. ಯಾರೋ ಒಬ್ಬ ಚಾಲಾಕಿ ಮೂವರು ಒಳ್ಳೆ ಕೀಪರ್‌ಗಳನ್ನು ಬಚ್ಚಿಟ್ಟುಕೊಂಡರೆ ಉಳಿದವರ ಗತಿ ಅಷ್ಟೇ. ಅದಕ್ಕೆ ಆಟಗಾರನ ಬದಲು ಕ್ಲಬ್‌ನ ಗೋಲುಗೂಡನ್ನೇ ಆರಿಸಿ. ಆ ಕ್ಲಬ್‌ಗೆ ಯಾವ ಕೀಪರ್ ನಿಂತರೂ ಪಾಯಿಂಟ್ ನಿಮ್ಮದು. ಅಮೆರಿಕನ್ ಫುಟ್‌ಬಾಲ್ ಫ್ಯಾಂಟಸಿಯಲ್ಲಿ ಒಂದು ತಂಡದ ಇಡೀ ಡಿಫೆನ್ಸನ್ನೇ ಒಂದು ಆಯ್ಕೆಯಾಗಿ ತಗೊಳ್ತಾರಲ್ಲ, ಅದೇ ಕ್ರಮ. 8 ತಂಡಕ್ಕೆ 8 ಗೂಡು, ಇನ್ನೆರಡು ವೇವರ್‌ನಲ್ಲಿ. ಬೆಂಚ್ ಕೀಪರ್ ಅನ್ನೋ ದಂಡದ ಜಾಗವೂ ಉಳೀತು.

ಕಾರ್ನರ್‌ಕಿಕ್

ಗೋಲುಗೂಡು ಐಡಿಯಾ ಸೂಪರ್. ಆದರೆ ನಾವು 16 ಜನ ಇದ್ದೀವಲ್ಲ. 16 ಜನಕ್ಕೆ 11 ಅಂದ್ರೆ 176. ಹೇಗೆ?

ನಿದ್ದೆಗೆಟ್ಟ ಕೀಪರ್

ಎರಡು ಗುಂಪು ಮಾಡಿ, ಎಂಟೆಂಟು ಜನ. ಪ್ರತಿ ಗುಂಪಿಗೂ ಬೇರೆ ಡ್ರಾಫ್ಟ್. ಒಂದೇ ಸ್ಟ್ರೈಕರ್ ಎರಡೂ ಗುಂಪಿನಲ್ಲಿ ಒಬ್ಬೊಬ್ಬರ ಹತ್ತಿರ ಇರಬಹುದು, ಪರವಾಗಿಲ್ಲ. ವಾರಕ್ಕೊಬ್ಬರ ಎದುರು ಮುಖಾಮುಖಿ ಆಡಿಸಿ. ಎಂಟು ಜನರಲ್ಲಿ ಪ್ರತಿಯೊಬ್ಬರಿಗೂ 7 ಎದುರಾಳಿಗಳು, ಎರಡೆರಡು ಸಲ ಅಂದ್ರೆ 14 ಸುತ್ತು. ನಿಮ್ಮ ಲೀಗ್ 18 ಸುತ್ತು ಅಂದ್ರಿ. ಉಳಿದ 4 ಸುತ್ತಿನಲ್ಲಿ ಎರಡು ಲೆಗ್‌ನ ಸೆಮಿಫೈನಲ್, ಎರಡು ಲೆಗ್‌ನ ಫೈನಲ್. ಸೆಮಿಯಲ್ಲಿ ಈ ಗುಂಪಿನ ಮೊದಲನೆಯವನು ಆ ಗುಂಪಿನ ಎರಡನೆಯವನ ಎದುರು. ಹೇಳಿ ಮಾಡಿಸಿದ ಹಾಗಿದೆ.

ಬೆಂಚ್‌ವೀರ

ನಮ್ಮದು ಬೇರೆ ಕಥೆ. ಇನ್ನೂರಕ್ಕೂ ಜಾಸ್ತಿ ಜನ, ಅರ್ಧದಷ್ಟು ಜನ ಒಬ್ಬರಿಗೊಬ್ಬರು ಗೊತ್ತೇ ಇಲ್ಲ. ಅವರನ್ನೆಲ್ಲ ಡ್ರಾಫ್ಟ್‌ಗೆ ಒಂದೇ ಹೊತ್ತಿಗೆ ಕೂರಿಸೋಕೆ ಆಗಲ್ಲ. ಬಜೆಟ್ ಆಟವೇ ಗತಿ. ಅದಕ್ಕೇನು ಮದ್ದು?

ಲೆಕ್ಕಾಚಾರಿ

ಅಲ್ಲಿಗೆ ಏಳರ ಸ್ಕ್ವಾಡ್ ಹಾಕಿ, ಬೆಂಚ್ ಬೇಕಿದ್ದರೆ ಇನ್ನಿಬ್ಬರು. ಮತ್ತೆ ಒಂದು ಕ್ಲಬ್‌ನಿಂದ ಒಬ್ಬನೇ. ಮೂರರ ಮಿತಿ 20 ಕ್ಲಬ್‌ಗೆ ಮಾಡಿದ್ದು. 15 ಜನರನ್ನು ತುಂಬಿಸೋಕೆ ಕಡಿಮೆ ಅಂದ್ರೂ 5 ಕ್ಲಬ್ ಮುಟ್ಟಬೇಕು. ಅಲ್ಲಿ ಅದು ಕಾಲು ಭಾಗ, ನಿಮ್ಮಲ್ಲಿ ಅರ್ಧ ಲೀಗ್. ಅಂದರೆ ಮೇಲಿನ ಐದು ಕ್ಲಬ್‌ಗಳನ್ನು ಹಿಂಡಿಕೊಂಡು ಕೆಳಗಿನ ಐದನ್ನು ತಿರುಗಿಯೂ ನೋಡದೆ ಸೀಸನ್ ಮುಗಿಸಬಹುದು. ಒಬ್ಬನೇ ಅಂದಾಗ ಏಳು ಕ್ಲಬ್ ಮುಟ್ಟಲೇಬೇಕು. ಕೆಳಗಿನ ಕ್ಲಬ್‌ಗಳ ಆಟಗಾರರ ಬಗ್ಗೆಯೂ ತಿಳಿದುಕೊಳ್ಳಬೇಕಾಗುತ್ತೆ. ಚಿಕ್ಕ ಲೀಗ್ ನೋಡುವವರಿಗೆ ಇರುವ ಮೇಲುಗೈ ಅದೇ ತಾನೇ?

ಬೆಲೆ ಏರಿಳಿತವನ್ನೂ ಬಿಟ್ಟುಬಿಡಿ. ಪ್ರೀಮಿಯರ್ ಲೀಗ್‌ನ ಫ್ಯಾಂಟಸಿಯಲ್ಲಿ ಒಂದು ಕೋಟಿಗೂ ಹೆಚ್ಚು ತಂಡಗಳಿವೆ, ಯಾರನ್ನು ಎಷ್ಟು ಜನ ಕೊಂಡರು ಮಾರಿದರು ಅನ್ನೋದರ ಮೇಲೆ ಬೆಲೆ ಓಡುತ್ತೆ. ಇನ್ನೂರು ಜನರಲ್ಲಿ ಹತ್ತು ಗೆಳೆಯರು ಮಾತಾಡಿಕೊಂಡರೆ ಯಾರ ಬೆಲೆ ಬೇಕಾದರೂ ಏರಿಸಬಹುದು. ಸೀಸನ್ ಶುರುವಿನಲ್ಲಿ ಒಂದು ಬೆಲೆ, ಅರ್ಧದಲ್ಲಿ ಒಂದು ಸಲ ಪರಿಷ್ಕರಣೆ, ಸಾಕು.

ಪೆವಿಲಿಯನ್ ಪರಮೇಶಿ

ತಡವಾಗಿ ಬಂದೆ. ನಾನು ಸ್ಕಾಟಿಷ್ ಪ್ರೀಮಿಯರ್‌ಶಿಪ್ ಹುಚ್ಚ. 12 ಕ್ಲಬ್, 38 ಪಂದ್ಯ. ಒಂದೇ ಕ್ಲಬ್ ದಬಾಯಿಸಿದರೆ ಫ್ಯಾಂಟಸಿ ಏನಾಗುತ್ತೆ ಅನ್ನೋದಕ್ಕೆ ಅಲ್ಲಿಯ 2020-21ರ ಸೀಸನ್ ನೋಡಿ. ರೇಂಜರ್ಸ್ ಒಂದೂ ಪಂದ್ಯ ಸೋಲಲಿಲ್ಲ. 38 ಪಂದ್ಯದಲ್ಲಿ ಬಿಟ್ಟುಕೊಟ್ಟಿದ್ದು 13 ಗೋಲು. 26 ಕ್ಲೀನ್ ಶೀಟ್. ಒಂದು ಕ್ಲೀನ್ ಶೀಟ್‌ಗೆ 4 ಪಾಯಿಂಟ್ ಅಂದ್ರೆ ಎಲ್ಲಾ ಪಂದ್ಯ ಆಡಿದ ಡಿಫೆಂಡರ್‌ಗೆ ಅದರಿಂದಲೇ 104. ಅಂಥ ಮೂವರು ಹಿಂದಿನವರನ್ನು ಇಟ್ಟುಕೊಂಡರೆ 312 ಪಾಯಿಂಟ್, ನೀವು ಮೈಕೈ ನೋಯಿಸಿಕೊಳ್ಳದೆ. ಅದರ ಮೇಲೆ ರೇಂಜರ್ಸ್‌ನ ಕ್ಯಾಪ್ಟನ್ ಟ್ಯಾವರ್ನಿಯರ್ ರೈಟ್ ಬ್ಯಾಕ್ ಆಗಿಯೂ ಪೆನಾಲ್ಟಿ ಹೊಡೆಯುವವನು. ಡಿಫೆಂಡರ್ ಗೋಲಿಗೆ 6 ಪಾಯಿಂಟ್.

ಒಂದು ಕ್ಲಬ್‌ನಿಂದ ಒಬ್ಬನೇ ಅಂದಿದ್ದರೆ ಆ ವರ್ಷ ಎಂಥಾ ಪ್ರಶ್ನೆ ಎದುರಾಗುತ್ತಿತ್ತು ನೋಡಿ: ಇದ್ದ ಒಂದು ಜಾಗವನ್ನು ಟ್ಯಾವರ್ನಿಯರ್‌ಗೆ ಕೊಡಬೇಕಾ, ಕೀಪರ್‌ಗಾ, ಸ್ಟ್ರೈಕರ್‌ಗಾ? ಅದರ ಮೇಲೇ ಒಂದು ರಾತ್ರಿ ಜಗಳ ಆಡಬಹುದು.

ಇಬ್ಬರಿಗೆ ಅವಕಾಶ ಕೊಡೋದಾದರೂ ಪರವಾಗಿಲ್ಲ, ಆದರೆ ಕೀಪರ್ ಮತ್ತು ಡಿಫೆಂಡರ್ ಸೇರಿ ಒಂದು ಕ್ಲಬ್‌ನಿಂದ ಒಬ್ಬನೇ ಅಂತ ಹಾಕಿ. ಒಂದೇ ಕ್ಲೀನ್ ಶೀಟನ್ನು ಎರಡು ಮೂರು ಸಲ ಎಣಿಸುವುದು ನಿಲ್ಲುತ್ತೆ.

ಇನ್ನೊಂದು ವಿಷಯ. ಎಷ್ಟೋ ಚಿಕ್ಕ ಲೀಗ್‌ಗಳು ನೇರವಾಗಿ ಮುಗಿಯಲ್ಲ. ಸ್ಕಾಟ್ಲೆಂಡ್‌ನಲ್ಲಿ 33 ಪಂದ್ಯ ಆದ ಮೇಲೆ ಮೇಲಿನ ಆರು, ಕೆಳಗಿನ ಆರು ಅಂತ ಸೀಳಿ, ಉಳಿದ 5 ಪಂದ್ಯ ಅವರವರ ಅರ್ಧದೊಳಗೇ ಆಡಿಸ್ತಾರೆ. ಆಸ್ಟ್ರಿಯಾದಲ್ಲಿ 22 ಸುತ್ತು ಆದ ಮೇಲೆ ಎರಡು ಗುಂಪು, ಇನ್ನೂ 10 ಸುತ್ತು. ಸೀಳಿದ ಮೇಲೆ ಆಟದ ಸ್ವರೂಪವೇ ಬೇರೆ. ಮೇಲಿನ ಕ್ಲಬ್‌ನ ಸ್ಟ್ರೈಕರ್‌ಗೆ ಸುಲಭದ ಎದುರಾಳಿ ಒಬ್ಬನೂ ಸಿಗಲ್ಲ. ಏಳನೇ ಸ್ಥಾನದ ಕ್ಲಬ್‌ನ ಮಿಡ್‌ಫೀಲ್ಡರ್‌ಗೆ ದೊಡ್ಡವರ ಕಾಟವೇ ಇಲ್ಲ. ಅಲ್ಲಿಗೆ ಎಲ್ಲರಿಗೂ ಒಂದು ಪೂರ್ತಿ ಹೊಸ ತಂಡ ಕಟ್ಟಲು ಬಿಡಿ. ಡ್ರಾಫ್ಟ್ ಆದರೆ ಮತ್ತೆ ಡ್ರಾಫ್ಟ್.

ಮೂರನೇ ಲೈನ್ಸ್‌ಮನ್

ಎಲ್ಲರೂ ಸ್ಕ್ವಾಡ್ ಬಗ್ಗೆ ಮಾತಾಡ್ತಿದ್ದೀರಿ, ಪಾಯಿಂಟ್ ಎಲ್ಲಿಂದ ಬರುತ್ತೆ ಅಂತ ಯಾರೂ ಕೇಳಲಿಲ್ಲ. ಪ್ರೀಮಿಯರ್ ಲೀಗ್‌ನಲ್ಲಿ ಪ್ರತಿ ಟ್ಯಾಕಲ್, ಪ್ರತಿ ಕ್ಲಿಯರೆನ್ಸ್ ಯಾರೋ ಎಣಿಸುತ್ತಿರುತ್ತಾರೆ. ಬೋನಸ್ ಪಾಯಿಂಟ್ ನಿಂತಿರುವುದೇ ಆ ಅಂಕಿಗಳ ಮೇಲೆ. 2025-26ರಿಂದ ಡಿಫೆಂಡರ್ ಒಂದು ಪಂದ್ಯದಲ್ಲಿ ಅಂಥ 10 ಕೆಲಸ ಮಾಡಿದರೆ 2 ಪಾಯಿಂಟ್ ಬೇರೆ. ಚಿಕ್ಕ ಲೀಗ್‌ನಲ್ಲಿ ಬಹಳ ಸಲ ನಮ್ಮ ಕೈಗೆ ಸಿಗುವುದು ಒಂದು ಪುಟದ ಮ್ಯಾಚ್ ರಿಪೋರ್ಟ್: ಯಾರು ಆಡಿದರು, ಯಾರು ಯಾವ ನಿಮಿಷದಲ್ಲಿ ಬದಲಾದರು, ಗೋಲು, ಕಾರ್ಡ್. ಅಷ್ಟೆ. ಅಸಿಸ್ಟ್ (ಗೋಲಿಗೆ ಪಾಸ್ ಕೊಟ್ಟವರು ಯಾರು ಅನ್ನೋದು) ಕೆಲವು ಕಡೆ ಇರುತ್ತೆ, ಕೆಲವು ಕಡೆ ಇರಲ್ಲ. ಇಲ್ಲದ ಕಡೆ ಹೈಲೈಟ್ಸ್ ನೋಡಿ ನಾವೇ ಕೊಡೋಣ ಅಂದರೆ ಗ್ರೂಪ್‌ನಲ್ಲಿ ಮಹಾಭಾರತ.

ಇಟಲಿಯವರ ಫ್ಯಾಂಟಾಕಾಲ್ಚೊದಲ್ಲಿ ಇದಕ್ಕೆ ಬೇರೆಯೇ ದಾರಿ. ಪತ್ರಿಕೆಯವರು ಆಟಗಾರರಿಗೆ ಹತ್ತಕ್ಕೆ ಇಷ್ಟು ಅಂತ ಕೊಡುವ ಅಂಕವೇ ಬುಡ, ಅದರ ಮೇಲೆ ಗೋಲಿಗೆ 3 ಸೇರಿಸ್ತಾರೆ, ಹಳದಿ ಕಾರ್ಡ್‌ಗೆ ಅರ್ಧ ಕಳೀತಾರೆ. ತಂಡದ ಮೊತ್ತ 66 ಮುಟ್ಟಿದರೆ ಒಂದು ಗೋಲು ಅಂತ ಲೆಕ್ಕ. ಚೆಂದದ ಆಟ. ಆದರೆ ನಿಮ್ಮ ಲೀಗ್‌ನ ಪ್ರತಿ ಆಟಗಾರನಿಗೂ ಪ್ರತಿ ವಾರ ಅಂಕ ಕೊಡುವ ಪತ್ರಿಕೆ ಇರಬೇಕಲ್ಲ? ಗೆಳೆಯರೇ ಮತ ಹಾಕಿ ಕೊಡೋಣ ಅಂದರೆ ಎಲ್ಲರೂ ತಮ್ಮವನಿಗೇ ಒಂಬತ್ತು ಕೊಡ್ತಾರೆ.

ಅದಕ್ಕೆ ನನ್ನ ಸಲಹೆ: ರಿಪೋರ್ಟ್‌ನಲ್ಲಿ ಇರುವುದರಿಂದಲೇ ಪಾಯಿಂಟ್ ಕಟ್ಟಿ. ಐಸ್ ಹಾಕಿಯವರ ಪ್ಲಸ್-ಮೈನಸ್ ತಗೊಳ್ಳಿ. ಆಟಗಾರ ಮೈದಾನದಲ್ಲಿ ಇದ್ದಾಗ ಅವನ ತಂಡ ಗೋಲು ಹೊಡೆದರೆ +1, ಗೋಲು ತಿಂದರೆ −1. ಉದಾಹರಣೆಗೆ 30ನೇ ನಿಮಿಷದಲ್ಲಿ ನಿಮ್ಮ ಮಿಡ್‌ಫೀಲ್ಡರ್‌ನ ತಂಡ 1-0. ಅವನನ್ನು 70ರಲ್ಲಿ ಹೊರಗೆ ಕರೆದರು. 78 ಮತ್ತು 85ರಲ್ಲಿ ಎದುರಾಳಿ ಎರಡು ಗೋಲು ಹೊಡೆದು 1-2 ಆಯ್ತು. ನಿಮ್ಮವನಿಗೆ +1. ಅವನ ಬದಲು ಬಂದವನಿಗೆ −2. ಪೂರ್ತಿ ಆಡಿದ ಸೆಂಟರ್ ಬ್ಯಾಕ್‌ಗೆ −1. ಗೋಲು ಹೊಡೆಯದ, ಅಸಿಸ್ಟ್ ಇಲ್ಲದ, ಆದರೆ ತಂಡ ಹಿಡಿದಿಟ್ಟ ಮಿಡ್‌ಫೀಲ್ಡರ್‌ಗೆ ಇದರಲ್ಲಿ ಬೆಲೆ ಬರುತ್ತೆ. ಬೇಕಾದ್ದು ಮೂರೇ ಮಾಹಿತಿ, ಮೂರೂ ರಿಪೋರ್ಟ್‌ನಲ್ಲೇ ಇದೆ.

ಎಡಗಾಲು

ಅಂದ್ರೆ 6-0 ಗೆದ್ದ ಕ್ಲಬ್‌ನಲ್ಲಿ ಸುಮ್ನೆ ನಿಂತವನಿಗೂ +6? ಮತ್ತೆ ದೊಡ್ಡ ಕ್ಲಬ್‌ಗೇ ಲಾಭ. ಪರಮೇಶಿ ಹೇಳಿದ ರೋಗ ಇನ್ನೊಂದು ಬಾಗಿಲಿಂದ ಒಳಗೆ ಬಂತು.

ಮೂರನೇ ಲೈನ್ಸ್‌ಮನ್

ಒಂದು ಪಂದ್ಯಕ್ಕೆ ಮೇಲೆ +2, ಕೆಳಗೆ −2 ಅಂತ ಮಿತಿ ಹಾಕಿ. 6-0 ಆದರೂ 2, 2-0 ಆದರೂ 2. ಗೋಲು ಹೊಡೆದವನ ಪಾಯಿಂಟ್ ಹೇಗೂ ಬೇರೆ ಇದೆ. ಕ್ಲೀನ್ ಶೀಟನ್ನು 4ರಿಂದ 3ಕ್ಕೆ ಇಳಿಸಿದರೆ ಇನ್ನೂ ಸರಿ, ಇಲ್ಲಾಂದ್ರೆ ಡಿಫೆಂಡರ್‌ಗೆ ಎರಡು ಕಡೆಯಿಂದಲೂ ಬರುತ್ತೆ. ಅಸಿಸ್ಟ್ ಬಗ್ಗೆ ಒಂದೇ ಮಾತು: ಅಧಿಕೃತ ರಿಪೋರ್ಟ್‌ನಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೆಲವು ಪಂದ್ಯಕ್ಕೆ ಇದ್ದು ಕೆಲವಕ್ಕೆ ಇರದ ಲೀಗ್ ಆದರೆ ಅಸಿಸ್ಟನ್ನೇ ತೆಗೆದುಹಾಕಿ.

ಬೆಂಚ್‌ವೀರ

ಸೀಸನ್ ಮಧ್ಯೆ ಆಟಗಾರ ಮಾರಾಟವಾಗಿ ಹೋದರೆ? ನಮ್ಮಲ್ಲಿ ಇದೇ ದೊಡ್ಡ ಜಗಳ. ಬಜೆಟ್ ಸುರಿದು ಕೊಂಡ ಸ್ಟ್ರೈಕರ್ ದೊಡ್ಡ ಲೀಗ್‌ಗೆ ಹಾರಿಬಿಟ್ಟ.

ಪೆವಿಲಿಯನ್ ಪರಮೇಶಿ

ಚಿಕ್ಕ ಲೀಗ್ ಅಂದ ಮೇಲೆ ಇದು ಇದ್ದದ್ದೇ. ಅವರ ಬದುಕೇ ಆಟಗಾರರನ್ನು ಬೆಳೆಸಿ ಮಾರುವುದು. ಸ್ಟ್ರೈಕರ್ ಎರ್ಲಿಂಗ್ ಹಾಲಂಡ್ ನೆನಪಿದೆಯಾ? 2019-20ರಲ್ಲಿ ಸಾಲ್ಜ್‌ಬರ್ಗ್ ಪರ ಆಸ್ಟ್ರಿಯಾ ಲೀಗ್‌ನ 14 ಪಂದ್ಯಕ್ಕೆ 16 ಗೋಲು, ಚಳಿಗಾಲದ ಬಿಡುವಿನಲ್ಲಿ ಡಾರ್ಟ್ಮಂಡ್‌ಗೆ ಹೋದ. ಅಲ್ಲಿ ಫ್ಯಾಂಟಸಿ ಆಡುತ್ತಿದ್ದವರ ಹೊಟ್ಟೆ ಉರಿ ಯೋಚಿಸಿ. ನಾರ್ವೆ, ಸ್ವೀಡನ್‌ನಲ್ಲಿ ಇನ್ನೂ ಕಷ್ಟ. ಅಲ್ಲಿ ಸೀಸನ್ ವಸಂತದಿಂದ ಶರತ್ಕಾಲದವರೆಗೆ. ಯುರೋಪಿನ ದೊಡ್ಡ ಬೇಸಿಗೆ ಮಾರುಕಟ್ಟೆ ಸರಿಯಾಗಿ ಸೀಸನ್ ನಡುವೆ ಬೀಳುತ್ತೆ. ಜುಲೈ, ಆಗಸ್ಟ್‌ನಲ್ಲಿ ಒಳ್ಳೊಳ್ಳೆಯವರು ಜಾಗ ಖಾಲಿ ಮಾಡ್ತಾರೆ.

ಆಟಗಾರ ಲೀಗನ್ನೇ ಬಿಟ್ಟು ಹೋದರೆ ಗಳಿಸಿದ ಪಾಯಿಂಟ್ ನಿಮ್ಮದೇ, ಬದಲಿ ಆಯ್ಕೆ ಉಚಿತ. ಬಜೆಟ್ ಆಟದಲ್ಲಿ ಕೊಂಡ ಬೆಲೆ ವಾಪಸ್. ಡ್ರಾಫ್ಟ್‌ನಲ್ಲಿ ಆ ವಾರದ ವೇವರ್‌ನಲ್ಲಿ ಮೊದಲ ಸರದಿ.

ಎಡಗಾಲು

ನಾನು ಒಪ್ಪಲ್ಲ. ಹೋಗ್ತಾನೆ ಅನ್ನೋ ಸುದ್ದಿ ಎರಡು ತಿಂಗಳಿಂದ ಹರಿದಾಡುತ್ತಿದ್ದರೂ ಇಟ್ಟುಕೊಂಡಿದ್ದು ಯಾರು? ಆ ಅಪಾಯ ಲೆಕ್ಕ ಹಾಕುವುದೂ ಆಟವೇ. ಬಜೆಟ್ ಆಟದಲ್ಲಿ ದುಡ್ಡು ವಾಪಸ್ ಕೊಡಿ, ಸರಿ. ಡ್ರಾಫ್ಟ್‌ನಲ್ಲಿ ಮೊದಲ ಸರದಿ ಕೊಟ್ಟರೆ ಪಟ್ಟಿಯ ತುದಿಯಲ್ಲಿರುವವನಿಗೆ ಬಹುಮಾನ ಕೊಟ್ಟಂಗೆ.

ನಿದ್ದೆಗೆಟ್ಟ ಕೀಪರ್

ನಾವು ಸೀಸನ್‌ಗೆ ಮೊದಲೇ ಮತ ಹಾಕಿ ತೀರ್ಮಾನ ಮಾಡ್ತೀವಿ. ಯಾವ ಕಡೆ ಬಿದ್ದರೂ ಪರವಾಗಿಲ್ಲ, ಮಾರಾಟ ಆದ ಮೇಲೆ ಚರ್ಚೆ ಶುರು ಮಾಡಬೇಡಿ.

ಲೆಕ್ಕಾಚಾರಿ

ಮುಂದೂಡಿದ ಪಂದ್ಯಗಳ ಬಗ್ಗೆ ಒಂದು ಮಾತು. ಐದರಲ್ಲಿ ಒಂದು ಪಂದ್ಯ ಮುಂದೆ ಹೋದರೆ ಲೀಗ್‌ನ ಐದನೇ ಒಂದು ಭಾಗವೇ ಆ ವಾರ ಇಲ್ಲ. ಕ್ಲಬ್‌ಗಳ ಸಂಖ್ಯೆ ಬೆಸ ಆಗಿದ್ದರಂತೂ ಪ್ರತಿ ಸುತ್ತಿಗೂ ಒಂದು ಕ್ಲಬ್‌ಗೆ ರಜೆ. ಎರಡು ಸುತ್ತನ್ನು ಸೇರಿಸಿ ಒಂದು ಗೇಮ್‌ವೀಕ್ ಮಾಡಿದರೆ 10 ಪಂದ್ಯ ಆಗುತ್ತೆ, ಪ್ರೀಮಿಯರ್ ಲೀಗ್‌ನಷ್ಟೇ. ರಜೆ ಇದ್ದ ಕ್ಲಬ್‌ಗೂ ಒಂದಾದರೂ ಪಂದ್ಯ ಸಿಗುತ್ತೆ. ಅದೃಷ್ಟದ ಪಾಲೂ ಕಡಿಮೆ.

ಕಾರ್ನರ್‌ಕಿಕ್

18 ಸುತ್ತು 9 ಆಗಿಬಿಡುತ್ತಲ್ಲ ಸಾರ್. ಎಂಟು ಜನರ ಮುಖಾಮುಖಿಗೆ ಒಂದು ಸಲ ಆಡಿದರೆ 7, ಉಳಿದದ್ದು ಎರಡು. ತುಂಬಾ ಚಿಕ್ಕದಾಯ್ತು. ನಮ್ಮಲ್ಲಿ ಮುಂದೂಡುವುದು ಅಪರೂಪ, ಸುತ್ತುಗಳನ್ನು ಹಾಗೇ ಇಟ್ಟುಕೊಳ್ತೀನಿ. ಪಂದ್ಯ ಹೋದರೆ ಬೆಂಚ್‌ನಿಂದ ಬರಲಿ. ನಾಲ್ಕು ಸಲ ಎದುರಾಗಿ 36 ಸುತ್ತು ಆಡುವ ಲೀಗ್ ಆಗಿದ್ದರೆ ಖಂಡಿತ ಸೇರಿಸುತ್ತಿದ್ದೆ.

ಸದ್ಯಕ್ಕೆ ನಮ್ಮ ಗ್ರೂಪ್ ಮುಂದೆ ಇಡೋದು ಇಷ್ಟು: ಎಂಟೆಂಟು ಜನರ ಎರಡು ಡ್ರಾಫ್ಟ್ ಗುಂಪು. 11ರ ಸ್ಕ್ವಾಡ್, ಅದರಲ್ಲಿ ಒಂದು ಗೋಲುಗೂಡು, 10 ಆಟಗಾರರು. ಎಣಿಸುವುದು 8. ಕ್ಲೀನ್ ಶೀಟ್ 3, ಪ್ಲಸ್-ಮೈನಸ್ ಎರಡರ ಮಿತಿಯಲ್ಲಿ. ನಮ್ಮ ಲೀಗ್‌ನ ರಿಪೋರ್ಟ್‌ನಲ್ಲಿ ಅಸಿಸ್ಟ್ ನೆಟ್ಟಗೆ ಇರುತ್ತೆ, ಅದು ಇರಲಿ. ಮಾರಾಟದ ನಿಯಮಕ್ಕೆ ಮತ.

ಕ್ಯಾಪ್ಟನ್ ಒಂದು ಬಾಕಿ ಉಳೀತು.

ನಿದ್ದೆಗೆಟ್ಟ ಕೀಪರ್

ಡ್ರಾಫ್ಟ್‌ಗೆ ಕ್ಯಾಪ್ಟನ್ ಬೇಡ. ಪ್ರೀಮಿಯರ್ ಲೀಗ್‌ನ ಡ್ರಾಫ್ಟ್ ಆಟದಲ್ಲೂ ಇಲ್ಲ. ಮೊದಲ ಆಯ್ಕೆ ಸಿಕ್ಕವನಿಗೆ ಒಳ್ಳೆ ಸ್ಟ್ರೈಕರ್ ಆಗಲೇ ಸಿಕ್ಕಿರ್ತಾನೆ, ಅದರ ಮೇಲೆ ಡಬಲ್ ಬೇರೆನಾ?

ಬೆಂಚ್‌ವೀರ

ನಮ್ಮ ಇನ್ನೂರು ಜನರ ಬಜೆಟ್ ಆಟಕ್ಕೆ ಕ್ಯಾಪ್ಟನ್ ತೆಗೆದರೆ ಜನ ನನ್ನನ್ನೇ ತೆಗೀತಾರೆ.

ಲೆಕ್ಕಾಚಾರಿ

ಹಾಗಾದರೆ ಒಬ್ಬ ಆಟಗಾರನನ್ನು ಇಡೀ ಸೀಸನ್‌ನಲ್ಲಿ ಮೂರೇ ಸಲ ಕ್ಯಾಪ್ಟನ್ ಮಾಡಬಹುದು ಅಂತ ಹಾಕಿ. 18 ಸುತ್ತಿಗೆ ಕನಿಷ್ಠ ಆರು ಬೇರೆ ಬೇರೆ ಹೆಸರು ಹುಡುಕಬೇಕು. ದೊಡ್ಡ ಸ್ಟ್ರೈಕರ್‌ನ ಮೂರು ಸಲವನ್ನು ಯಾವ ಎದುರಾಳಿಗೆ ಖರ್ಚು ಮಾಡಬೇಕು ಅಂತ ವೇಳಾಪಟ್ಟಿ ಹಿಡಿದು ಕೂರಬೇಕಾಗುತ್ತೆ.

ಬೆಂಚ್‌ವೀರ

ಇದು ಆಗುತ್ತೆ. ನಾಳೆಯೇ ಗ್ರೂಪ್‌ಗೆ ಹಾಕ್ತೀನಿ, ಬೈಗುಳ ಬಂದರೆ ನಿಮ್ಮ ಹೆಸರು ಹೇಳ್ತೀನಿ.